ಬೆನ್ನ ಮೇಲಿನ ಅತ್ತೆ

ಮಡಿಕೆ ಮಾಮ ಅಂಗಡಿಗೆ ಬಂದಾಗ ಟೈಲರಮ್ಮನ ಬಾಯಿಯಲ್ಲಿ ಗುಂಡುಸೂಜಿಗಳಿದ್ದವು. ಅವರ ಹತ್ತಿರ ಏನನ್ನಾದರೂ ಪೂರ್ತಿ ಹೇಳಿ ಮುಗಿಸಬೇಕೆಂದರೆ ಇದೇ ಸರಿಯಾದ ಹೊತ್ತು ಎಂದು ಆ ಬೀದಿಯವರಿಗೆಲ್ಲ ಗೊತ್ತಿತ್ತು. ಸೂಜಿ ಕಚ್ಚಿಕೊಂಡಿರುವಾಗ ಮಾತ್ರ ಅವರು ಎದುರುತ್ತರ ಕೊಡುತ್ತಿರಲಿಲ್ಲ.

ಮಾಮ ಹೆಗಲಿನಿಂದ ದಪ್ಪ ಚೀಲವೊಂದನ್ನು ಇಳಿಸಿ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟರು. ಊರಿನ ಮೇಲಣ ಬಯಲಿನಲ್ಲಿ ವಿಮಾನದಿಂದ ಜಿಗಿಯುವವರ ಕ್ಲಬ್ಬೊಂದಿದೆ. ಅಲ್ಲಿಯ ಪ್ಯಾರಾಚೂಟುಗಳನ್ನು ಮಡಿಸಿ, ಚೀಲಕ್ಕೆ ತುಂಬಿ, ಮೊಹರು ಹಾಕುವುದು ಮಾಮನ ಕೆಲಸ. ಹೆಸರು ಬಂದದ್ದು ಹಾಗೆ. ಮನೆಯಲ್ಲಿ ಮಾತ್ರ ತಮ್ಮ ಸ್ವಂತ ಅಂಗಿಯೊಂದನ್ನೂ ಅವರು ಮಡಿಸಿದ್ದನ್ನು ಕಂಡಿಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದರು.

"ನನ್ನ ಮಷೀನು ಕೈಕೊಟ್ಟಿದೆ. ಇದರೊಳಗೆ ಒಂದು ಪುಟ್ಟ ಜೇಬು ಹೊಲಿದುಕೊಡಿ. ಈ ಡಬ್ಬಿ ಹಿಡಿಸಬೇಕು" ಎಂದು ಮಾಮ ಜೇಬಿನಿಂದ ಒಂದು ವಸ್ತು ತೆಗೆದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಅದರಿಂದ ಹೊರಟ ಒಂದು ತಂತಿಯ ತುದಿಯಲ್ಲಿ ಗುಂಡಿಯೂ ಕಿಟಕಿಯಂಥ ಸಣ್ಣ ಗಾಜೂ, ಇನ್ನೊಂದು ತಂತಿಯ ತುದಿಯಲ್ಲಿ ಕಿರುಬೆರಳಿನಷ್ಟು ಉದ್ದದ ಲೋಹದ ಕೊಳವೆಯೂ ಇದ್ದವು.

ಟೈಲರಮ್ಮ ಹುಬ್ಬಿನಲ್ಲೇ ಕೇಳಿದರು, ಏನಿದು ಅಂತ.

"ಜಿಗಿಯೋರ ಬೆನ್ನಲ್ಲಿ ಎರಡು ಕೊಡೆ ಇರುತ್ತೆ. ಮೊದಲನೇದು ಬಣ್ಣದ್ದು. ಅದು ಕೈಕೊಟ್ರೆ ಅಂತ ಎರಡನೇದು, ಬಿಳಿದು. ಎರಡನ್ನೂ ಅವರೇ ಬಿಚ್ಚಬೇಕು. ಆದ್ರೆ ಮೇಲೆ ಯಾರಿಗಾದ್ರೂ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿತು ಅನ್ನಿ. ಇಲ್ಲಾ ಗಾಬರೀಲಿ ತಮಗೆ ಕೈ ಇದೆ ಅನ್ನೋದೇ ಮರೆತುಹೋಯ್ತು ಅನ್ನಿ."

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿಕೊಂಡರು. "ಆಗ?"

"ಆಗ ಇದು. ಬಿಳಿ ಕೊಡೆಯ ಬಾಯಿ ಮುಚ್ಚಿರೋದು ಒಂದೇ ಒಂದು ದಾರದ ಕುಣಿಕೆ. ಆ ದಾರ ಈ ಕೊಳವೆಯೊಳಗಿಂದ ಹಾದುಹೋಗುತ್ತೆ. ಕೊಳವೆಯಲ್ಲಿ ಒಂದು ಪುಟಾಣಿ ಉಳಿ ಇದೆ. ನೆಲ ಹತ್ರ ಬಂತು, ಮನುಷ್ಯ ಇನ್ನೂ ಕಲ್ಲಿನ ಹಾಗೆ ಬೀಳ್ತಾನೇ ಇದಾನೆ ಅಂದ್ರೆ, ಉಳಿ ಹಾರಿ ದಾರ ಕತ್ತರಿಸುತ್ತೆ. ಒಳಗಿನ ಸ್ಪ್ರಿಂಗು ಕೊಡೇನ ಹೊರಗೆ ಒದೆಯುತ್ತೆ."

"ನೆಲ ಹತ್ರ ಬಂತು ಅಂತ ಇದಕ್ಕೆ ಹೇಗೆ ಗೊತ್ತು? ಕಣ್ಣಿದೆಯಾ?"

"ಕಣ್ಣೆಲ್ಲಿ ಬಂತು. ಗಾಳಿ ಒತ್ತಡ ಮೇಲೆ ಕಮ್ಮಿ, ಕೆಳಗೆ ಜಾಸ್ತಿ. ಅದು ಏರೋ ವೇಗದ ಮೇಲೇ ಎಲ್ಲ ಲೆಕ್ಕ."

"ಸರಿಯಾಗಿ ಕೊಡೆ ಬಿಚ್ಚಿಕೊಂಡೋರಿಗೆ ಏನು ಮಾಡುತ್ತೆ?"

"ಅವರ ತಂಟೆಗೇ ಹೋಗಲ್ಲ. ನಿಧಾನವಾಗಿ ಇಳೀತಿದ್ರೆ ಸುಮ್ನೆ ಕೂತಿರುತ್ತೆ. ವರ್ಷಗಟ್ಟಲೆ ಬಾಯಿ ಬಿಡಲ್ಲ."

"ಹೆಸರೇನು ಇದರದ್ದು?"

ಮಾಮ ಕಿವಿ ಕೆರೆದುಕೊಂಡರು. "ಉದ್ದದ ಹೆಸರೊಂದಿದೆ."

"ನೀವು ಏನಂತೀರ?"

"ಹುಡುಗರು ಏನೋ ಅಂತಾರೆ ಬಿಡಿ."

"ಹೇಳಿ ಮಾಮ. ಹೆಸರು ಗೊತ್ತಿಲ್ಲದ್ದಕ್ಕೆ ನಾನು ಜೇಬು ಹೊಲಿಯಲ್ಲ."

"ಅತ್ತೆ ಅಂತೀವಿ" ಎಂದು ಮಾಮ ಮೇಜಿಗೆ ಹೇಳಿದರು. "ಬೆನ್ನ ಹಿಂದೆ ಕೂತು ಎಲ್ಲಾ ಗಮನಿಸ್ತಿರ್ತಾಳೆ. ನಾವು ಸರಿಯಾಗಿದ್ರೆ ಮಾತಿಲ್ಲ. ಕೆಟ್ಟಾಗ ಮಧ್ಯೆ ಬರ್ತಾಳೆ. ಅದಕ್ಕೆ."

ಟೈಲರಮ್ಮ ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಸರಿಯಾಗಿದ್ರೆ ಮಾತಿಲ್ಲ ಅಂದ್ರಲ್ಲ. ನಿಮ್ಮ ಹುಡುಗರಿಗೆ ಅತ್ತೆಯರ ವಿಷಯ ಏನೇನೂ ಗೊತ್ತಿಲ್ಲ."

ಮಾಮ ನಕ್ಕರು. ಆ ನಗು ಮುಗಿಯುವ ಮೊದಲೇ ಟೈಲರಮ್ಮ ಕೇಳಿದರು: "ನನ್ನ ಸೊಸೆ ಚೀಲದಲ್ಲಿ ಇದು ಇದೆಯಾ?"

ಮಾಮ ಮತ್ತೆ ಕಿವಿ ಕೆರೆದುಕೊಳ್ಳಲು ಕೈಯೆತ್ತಿದರು. ಅಷ್ಟರಲ್ಲೇ ಉತ್ತರ ಸಿಕ್ಕಿತ್ತು.

*

ಸೊಸೆ ಆ ಬಯಲಿನಲ್ಲಿ ಹೊಸಬರಿಗೆ ಹಾರುವುದನ್ನು ಕಲಿಸುವವಳು. ಮಗ ಅದೇ ಕ್ಲಬ್ಬಿನ ವಿಮಾನ ಓಡಿಸುವವನು. ಮಗ ಮೇಲಕ್ಕೆ ಕೊಂಡೊಯ್ಯುತ್ತಾನೆ, ಸೊಸೆ ಅಲ್ಲಿಂದ ಹಾರಿಕೊಳ್ಳುತ್ತಾಳೆ. ಇಂಥ ದಾಂಪತ್ಯವನ್ನು ನಾನು ಎಲ್ಲೂ ಕೇಳಿಲ್ಲ ಎಂದು ಟೈಲರಮ್ಮ ಗಿರಾಕಿಗಳೆದುರು ಅನ್ನುತ್ತಿದ್ದರು. ಅನ್ನುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. ಅವರಿಗೋ ಎತ್ತರವೆಂದರೆ ಆಗದು. ಮೇಲಿನ ಗೂಡಿನಲ್ಲಿಟ್ಟ ಡಬ್ಬ ಬೇಕೆಂದರೂ ಯಾರಾದರೂ ಮನೆಗೆ ಬರುವವರೆಗೆ ಕಾಯುತ್ತಿದ್ದರು.

ಅಂದು ಸಂಜೆ ಅಡುಗೆಮನೆಯ ಬಲ್ಬು ಹೋಗಿತ್ತು. ಸೊಸೆ ಸ್ಟೂಲು ಹತ್ತಿ ಹೊಸ ಬಲ್ಬು ತಿರುಗಿಸುತ್ತಿದ್ದಳು. ಟೈಲರಮ್ಮ ಎರಡೂ ಕೈಯಲ್ಲಿ ಸ್ಟೂಲಿನ ಕಾಲು ಹಿಡಿದು ಕೂತಿದ್ದರು. ಮಗ ಮೇಜಿನ ಬಳಿ ಊಟಕ್ಕೆ ಕಾಯುತ್ತಿದ್ದ.

"ನಿನ್ನ ಬೆನ್ನಿಗೆ ಅತ್ತೆ ಬೇಡ ಅಂದ್ಯಂತೆ" ಎಂದರು ಟೈಲರಮ್ಮ.

ಸೊಸೆಯ ಕೈ ನಿಂತಿತು. "ಮಾಮ ಹೇಳಿದ್ರಾ? ಮನೇಲಿ ಒಬ್ಬರು ಇದಾರಲ್ಲ ಅಂತ ಬೇಡ ಅಂದೆ."

"ತಮಾಷೆ ಸಾಕು. ಯಾಕೆ ಬೇಡ?"

"ನನಗೆ ಹಾರೋದು ಕಲಿಸಿದ ಮೇಷ್ಟ್ರು ಅದನ್ನ ಹೇಡಿಪೆಟ್ಟಿಗೆ ಅಂತಿದ್ರು. ಪೆಟ್ಟಿಗೆ ನೋಡ್ಕೊಳುತ್ತೆ ಅಂತ ಆದ್ರೆ ಕೈ ಸೋಮಾರಿ ಆಗುತ್ತೆ. ಹೊಸಬರಿಗೆ ಸರಿ. ನನ್ನ ಕೈ ಯಾವತ್ತೂ ತಪ್ಪಿಲ್ಲ."

"ನಾನು ಕಂಕುಳ ಹತ್ರ ಎರಡು ಸಾಲು ಹೊಲಿಗೆ ಹಾಕ್ತೀನಿ. ಎರಡನೇದು ಇದೆ ಅಂತ ಮೊದಲನೇದನ್ನ ಯಾವತ್ತೂ ಸಡಿಲ ಬಿಟ್ಟಿಲ್ಲ."

"ಅದು ಬಟ್ಟೆ."

"ಇದು ಮನುಷ್ಯಳು. ಇನ್ನೂ ಜಾಸ್ತಿ ಆಯ್ತಲ್ಲ." ಟೈಲರಮ್ಮ ಸ್ಟೂಲನ್ನು ಸ್ವಲ್ಪ ಅಲ್ಲಾಡಿಸಿದರು. "ಈಗ ಇದನ್ನ ಹಿಡ್ಕೊಂಡಿದೀನಿ, ಯಾಕೆ?"

"ನಿಮಗೆ ಭಯ, ಅದಕ್ಕೆ."

"ಹೌದು, ಭಯ. ನೀನು ಬೀಳದಿದ್ರೆ ನಾನು ಹಿಡಿದದ್ದು ದಂಡ. ನನಗೇನೂ ಬೇಜಾರಿಲ್ಲ. ದಂಡ ಆಗಲಿ ಅಂತಾನೇ ಹಿಡ್ಕೊಂಡಿದೀನಿ."

ಇಬ್ಬರೂ ಒಟ್ಟಿಗೆ ಮಗನ ಕಡೆ ತಿರುಗಿದರು. ಅವನು ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ಕೂತಿದ್ದ.

"ನೀನೇನಂತೀಯೋ?" ಎಂದರು ತಾಯಿ.

"ನಾನು ವಿಮಾನ ಓಡಿಸೋನು. ಬಾಗಿಲು ದಾಟಿದ ಮೇಲೆ ಅವಳು ನನ್ನ ಲೆಕ್ಕಕ್ಕೆ ಬರಲ್ಲ."

"ಒಳ್ಳೇ ಗಂಡ" ಎಂದರು ಅತ್ತೆ ಸೊಸೆ ಇಬ್ಬರೂ, ಒಂದೇ ಉಸಿರಿಗೆ. ಆ ವಾರ ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ಬಲ್ಬು ಹೊತ್ತಿತು. ಸೊಸೆ ಸ್ಟೂಲಿನ ಮೇಲಿಂದಲೇ ಅತ್ತೆಯ ನೆತ್ತಿ ನೋಡಿ ಹೇಳಿದಳು: "ಸರಿ, ಹಾಕಿಸ್ಕೋತೀನಿ. ಒಂದು ಷರತ್ತು. ಯಾವತ್ತಾದ್ರೂ ಆ ಡಬ್ಬಿ ದಾರ ಕತ್ತರಿಸಿ ನನ್ನ ಉಳಿಸಿದ್ರೆ, ನೀವು ನನ್ನ ಜೊತೆ ಹಾರಬೇಕು. ನನ್ನ ಎದೆಗೆ ಕಟ್ಕೊಂಡು ಕರ್ಕೊಂಡು ಹೋಗ್ತೀನಿ."

ಇಲ್ಲಿಗೆ ಅತ್ತೆ ಹಿಂದೆ ಸರಿಯುತ್ತಾರೆ ಎಂದೇ ಅವಳ ಎಣಿಕೆ. ಟೈಲರಮ್ಮ ಸ್ಟೂಲಿನ ಎತ್ತರವನ್ನೊಮ್ಮೆ ನೋಡಿದರು.

"ಒಪ್ಕೊಂಡೆ" ಎಂದರು. "ಆ ದಿನ ಬರದೇ ಇರಲಿ. ಬಂದ್ರೆ ಹಾರ್ತೀನಿ. ಈಗ ಇಳಿ, ಸಾರು ಆರ್ತಾ ಇದೆ."

*

ಸೊಸೆಯ ಚೀಲಕ್ಕೆ ಜೇಬು ಹೊಲಿದವರು ಟೈಲರಮ್ಮನೇ. ಎರಡು ಸಾಲು ಸಾಕು ಎಂದು ಮಾಮ ಹೇಳಿದ್ದರೂ ಮೂರು ಸಾಲು ಹಾಕಿದರು. ಮಾಮ ಡಬ್ಬಿ ಕೂಡಿಸಿ, ದಾರವನ್ನು ಕೊಳವೆಯಲ್ಲಿ ಹಾಯಿಸಿ, ಬಿಳಿ ಕೊಡೆಯನ್ನು ಮತ್ತೆ ಮಡಿಸಿ ಮುಚ್ಚಿದರು. ಗುಂಡಿಯನ್ನು ಹೇಗೆ ಒತ್ತಿ ಅದನ್ನು ಎಬ್ಬಿಸಬೇಕೆಂದೂ ತೋರಿಸಿದರು. ಕೆಂಪು ದೀಪ ಕಣ್ಣು ಮಿಟುಕಿಸಿದಾಗಲೆಲ್ಲ ಒಂದೊಂದು ಸಲ ಒತ್ತಬೇಕು. ಆಮೇಲೆ ಗಾಜಿನಲ್ಲಿ ಅಂಕಿಗಳು ಇಳಿಯುತ್ತ ಬಂದು ಸೊನ್ನೆಗೆ ನಿಲ್ಲುತ್ತವೆ. ಅತ್ತೆ ಎದ್ದಳು ಎಂದರ್ಥ. ಸಂಜೆಯ ಹೊತ್ತಿಗೆ ಅದು ತಾನಾಗಿಯೇ ಮಲಗುತ್ತದೆ. ಮರುದಿನ ಮತ್ತೆ ಎಬ್ಬಿಸಬೇಕು.

ಅಂದಿನಿಂದ ಪ್ರತಿ ಬೆಳಿಗ್ಗೆ ಸೊಸೆ ಚೀಲ ಹೆಗಲಿಗೇರಿಸುವಾಗ ಟೈಲರಮ್ಮನ ಪ್ರಶ್ನೆ ಒಂದೇ: "ಅತ್ತೆ ಎದ್ದಳಾ?"

"ಇಲ್ಲಿ ಒಬ್ಬರು ಎದ್ದಿದಾರಲ್ಲ. ಅವಳನ್ನ ಬಯಲಿಗೆ ಹೋಗಿ ಎಬ್ಬಿಸ್ತೀನಿ" ಎನ್ನುತ್ತಿದ್ದಳು ಸೊಸೆ.

ಈ ಉತ್ತರ ಟೈಲರಮ್ಮನಿಗೆ ಹಿಡಿಸಲಿಲ್ಲ. 'ನಾಳೆ ಬಂದು ಅಳತೆ ಕೊಡ್ತೀನಿ' ಎನ್ನುವ ಗಿರಾಕಿಗಳನ್ನು ಅವರು ಬಹಳ ನೋಡಿದ್ದರು. ಆಮೇಲೆ ಮಾಡುತ್ತೇನೆ ಎಂದವರು ಮಾಡುವುದಿಲ್ಲ ಎಂಬುದು ಅವರ ಅನುಭವ.

ಕ್ಲಬ್ಬಿನವರೆಲ್ಲ ಸೇರಿ ಆಕಾಶದಲ್ಲಿ ಕೈ ಕೈ ಹಿಡಿದು ದೊಡ್ಡದೊಂದು ಹೂವಿನ ಆಕಾರ ಮಾಡುವುದೆಂದು ಗೊತ್ತಾಗಿತ್ತು. ಆ ಬಯಲಿನಿಂದ ಅಷ್ಟು ಜನ ಒಟ್ಟಿಗೆ ಹಾರುವುದು ಅದೇ ಮೊದಲು. ನೋಡಲೆಂದು ಟೈಲರಮ್ಮ ಅಂಗಡಿಗೆ ಬೀಗ ಹಾಕಿದರು. ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋಗಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಚೀಲವಿತ್ತು. ಅವರು ಮೆಲ್ಲಗೆ ಅದರ ಹೊದಿಕೆ ಸರಿಸಿದರು. ಕೆಂಪು ಮಿನುಗಿದಾಗಲೆಲ್ಲ ಗುಂಡಿ ಒತ್ತಿದರು. ಅಂಕಿಗಳು ಇಳಿದು ಸೊನ್ನೆಗೆ ಬಂದವು. ಹೊದಿಕೆ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಲೋಟ ತೊಳೆಯತೊಡಗಿದರು. ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು.

ಊರು ಕಣಿವೆಯ ತಳದಲ್ಲಿದೆ. ಬಯಲು ಮೇಲೆ, ದಿಬ್ಬದ ನೆತ್ತಿಯಲ್ಲಿ. ದಾರಿ ಹಾವಿನಂತೆ ಸುತ್ತಿ ಸುತ್ತಿ ಏರುತ್ತದೆ. ಅರ್ಧ ದಾರಿಯಲ್ಲಿ ಎಂದಿನಂತೆ ಟೈಲರಮ್ಮನ ಕಿವಿ ಗುಂಯ್ ಎಂದು ಮುಚ್ಚಿಕೊಂಡಿತು. ಆಕಳಿಸಿ ಬಿಡಿಸಿಕೊಂಡರು.

ಬಯಲಿನಲ್ಲಿ ಜಿಗಿಯುವವರು ಸಾಲಾಗಿ ನಿಂತು ಒಬ್ಬರ ಬೆನ್ನನ್ನೊಬ್ಬರು ಪರೀಕ್ಷಿಸುತ್ತಿದ್ದರು. ಸೊಸೆಯ ಹಿಂದೆ ನಿಂತವನಿಗೆ ಏಣಿ ಎಂದು ಹೆಸರು. ಅವನು ನಿಂತರೆ ಉಳಿದವರಿಗೆ ನೆರಳಾಗುತ್ತಿತ್ತು. ಅವನು ಅವಳ ಚೀಲದ ಹೊದಿಕೆಯೆತ್ತಿ, "ಪಟ್ಟಿ ಸರಿ, ದಾರ ಸರಿ. ಅತ್ತೆ ಎದ್ದಿದ್ದಾಳೆ" ಎಂದ.

"ನಾನಿನ್ನೂ ಎಬ್ಬಿಸೇ ಇಲ್ಲವಲ್ಲ" ಎಂದಳು ಸೊಸೆ.

"ಎದ್ದಿದ್ದಾಳಮ್ಮ. ಸೊನ್ನೆ ಕಾಣ್ತಿದೆ."

ಸೊಸೆ ನಿಧಾನವಾಗಿ ಬೇಲಿಯ ಕಡೆ ತಿರುಗಿದಳು. ಮಾಮನ ಪಕ್ಕದಲ್ಲಿ ನಿಂತ ಟೈಲರಮ್ಮ ಗಲ್ಲ ಎತ್ತಿ ಹೇಳಿದರು: "ನಾನೇ ಎಬ್ಬಿಸಿದೆ. ಬೆಳಿಗ್ಗೆ, ಅಡುಗೆಮನೇಲಿ. ನೀನು ಮರೀತೀಯ ಅಂತ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಮ ನಗಲಿಲ್ಲ. "ಅಯ್ಯೋ, ಇದನ್ನ ನಾನು ಹೇಳಲೇ ಇಲ್ಲ" ಎಂದು ಹಣೆ ಒತ್ತಿಕೊಂಡರು.

ಸೊಸೆ ಬೇಲಿಯ ಬಳಿ ಬಂದಳು. "ಎಲ್ಲಿ ಎಬ್ಬಿಸ್ತೀವೋ ಅದೇ ನೆಲ ಅಂದ್ಕೊಳುತ್ತೆ ಇದು. ನೀವು ಎಬ್ಬಿಸಿದ್ದು ಕಣಿವೆ ತಳದಲ್ಲಿ. ಈ ಬಯಲು ಅಲ್ಲಿಂದ ಎಷ್ಟು ಮೇಲಿದೆ. ನಾನು ಇಲ್ಲಿ ನೆಲಕ್ಕೆ ಬಡಿಯೋ ಹೊತ್ತಿಗೂ ಇದು, 'ಇರು, ನಮ್ಮ ಅಡುಗೆಮನೆ ಇನ್ನೂ ಬಂದಿಲ್ಲ' ಅಂತ ಸುಮ್ನೆ ಕೂತಿರುತ್ತೆ."

"ಹಳೇ ಮನೆ ಲೆಕ್ಕ ಹಿಡ್ಕೊಂಡು ಹೊಸ ಮನೆಗೆ ಬಂದ ಅತ್ತೆ" ಎಂದ ಏಣಿ. ಈಗ ಎಲ್ಲರೂ ನಕ್ಕರು.

ದಾರ ಗಟ್ಟಿ ಮಾಡಲು ಹೋಗಿ ತಾನೇ ಕತ್ತರಿಸಿಬಿಟ್ಟೆನಲ್ಲ ಎಂದು ಟೈಲರಮ್ಮನಿಗೆ ಅನ್ನಿಸಿತು. ಕೈ ಮಣಿಕಟ್ಟಿನ ಸೂಜಿಮೆತ್ತೆಯನ್ನು ಹುಡುಕಿತು. ಅಂಗಡಿಯಿಂದ ಹೊರಗೆ ಬಂದರೂ ಅವರು ಅದನ್ನು ಬಿಚ್ಚುತ್ತಿರಲಿಲ್ಲ.

ವಿಮಾನದ ಮೂತಿಯ ಪಂಖ ತಿರುಗತೊಡಗಿತ್ತು. ಕಿಟಕಿಯಿಂದ ಮಗ ಕೈಯಾಡಿಸಿ ಬೇಗ ಎಂದ. ಏಣಿ ಸೊಸೆಯ ಹೆಗಲು ತಟ್ಟಿದ. "ಬಿಡು, ಬಾ. ಇಷ್ಟು ದಿನ ಅತ್ತೆ ಇಲ್ದೇ ಹಾರಿದೋಳು ನೀನು. ಇವತ್ತೊಂದಿನಕ್ಕೆ ಏನಾಗುತ್ತೆ."

ಸೊಸೆ ಎರಡು ಹೆಜ್ಜೆ ಅವನ ಹಿಂದೆ ಹೋದಳು. ನಿಂತಳು. ಹಿಂದಿರುಗಿ ಅತ್ತೆಯ ಕೈ ನೋಡಿದಳು. ಸೂಜಿ ಬೆರಳಿಗೆ ಚುಚ್ಚಿ ರಕ್ತದ ಚುಕ್ಕೆ ಕಾಣಿಸಿತ್ತು, ಅವರಿಗೆ ಅರಿವೇ ಇರಲಿಲ್ಲ.

"ತಡಿರಿ ಎಲ್ಲರೂ" ಎಂದಳು. ಬೇಲಿ ದಾಟಿಸಿ ಅತ್ತೆಯನ್ನು ಒಳಗೆ ಕರೆದು, ಅವರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. "ಮೊದಲು ಅವಳನ್ನ ಮಲಗಿಸಿ. ಆಮೇಲೆ ಮತ್ತೆ ಎಬ್ಬಿಸಿ. ನೀವೇ ಮಾಡಿ. ನಿಮ್ಮ ಬಳಗ ತಾನೇ."

"ನನ್ನ ಕೈಯಲ್ಲಿ ಬೇಡ ಕಣೇ."

"ನಿಮ್ಮ ಕೈಯಲ್ಲೇ ಆಗಲಿ. ಸೂಜಿಗೆ ದಾರ ಪೋಣಿಸೋ ಕೈ ಅದು."

ಮಾಮ ಪಕ್ಕದಲ್ಲಿ ಕೂತು ನೋಡಿದರು. ಟೈಲರಮ್ಮ ಗುಂಡಿ ಒತ್ತಿದರು. ಗಾಜಿನ ಸೊನ್ನೆ ಆರಿತು. ಮತ್ತೆ ಒತ್ತಿದರು. ಕೆಂಪು ಮಿನುಗಿತು, ಒತ್ತಿದರು, ಮತ್ತೆ ಮಿನುಗಿತು. ಅಂಕಿಗಳು ಇಳಿಯತೊಡಗಿದವು. ಸಾಲಿನಲ್ಲಿ ಗೊಣಗಾಟ ಎದ್ದಿತು. "ಅತ್ತೆ ಸೀರಿಯಸ್ಸಾಗಿ ತಯಾರಾಗ್ತಿದ್ದಾರೆ" ಎಂದರು ಯಾರೋ. ಸೊಸೆ ಅತ್ತಿತ್ತ ಅಲ್ಲಾಡದೆ ಮಣ್ಣಿನ ಮೇಲೆ ಕೂತೇ ಇದ್ದಳು.

ಸೊನ್ನೆ ಬಂತು.

"ಈಗ ಇದೇ ನೆಲ" ಎಂದು ಸೊಸೆ ಎದ್ದು ಬಟ್ಟೆಯ ಮಣ್ಣು ಕೊಡವಿ ವಿಮಾನದ ಕಡೆ ಓಡಿದಳು.

*

ವಿಮಾನ ಏರಿ ಏರಿ ಸಾಸಿವೆಯಷ್ಟಾಯಿತು. ಮಾಮ ದುರ್ಬೀನು ಕೊಡಲು ಬಂದರೆ ಟೈಲರಮ್ಮ ಬೇಡವೆಂದರು. "ನೀವು ನೋಡಿ ಹೇಳಿ. ಹತ್ತಿರದಿಂದ ನೋಡೋ ಧೈರ್ಯ ನನಗಿಲ್ಲ."

"ಬಾಗಿಲು ತೆರೀತು" ಎಂದರು ಮಾಮ. "ಬಂದ್ರು. ಸೇರ್ತಿದಾರೆ. ಕೈ ಹಿಡಿದ್ರು. ಇನ್ನೂ ಇಬ್ಬರು ಬರಬೇಕು. ಹಾಂ, ಬಂದ್ರು. ಹೂವಾಯ್ತು ನೋಡಿ ಟೈಲರಮ್ಮ, ಪೂರ್ತಿ ಹೂವಾಯ್ತು."

ಬರಿಗಣ್ಣಿಗೆ ಅದು ನೀಲಿಯ ಮೇಲೆ ಅಂಟಿದ ಒಂದು ಗುಂಡಿಯಂತೆ ಕಂಡಿತು. ಟೈಲರಮ್ಮನ ಎದೆ ಉಬ್ಬಿತು.

"ಈಗ ಬಿಡಬೇಕು. ಒಬ್ಬರಿಂದೊಬ್ಬರು ದೂರ ಸರಿದು ಕೊಡೆ ಬಿಚ್ತಾರೆ. ಬಿಟ್ರು. ತಿರುಗಿದ್ರು."

ಮಾಮನ ಮಾತು ಅಲ್ಲಿಗೇ ನಿಂತಿತು.

"ಏನು?"

"ಏಣಿಯ ಬೂಟು ಯಾರದೋ ತಲೆಗೆ ತಗುಲಿದ ಹಾಗಾಯ್ತು."

ಆಕಾಶದಲ್ಲಿ ಕೊಡೆಗಳು ಒಂದೊಂದಾಗಿ ಅರಳಿದವು. ಕೆಂಪು, ನೀಲಿ, ಹಳದಿ, ಮತ್ತೊಂದು ಕೆಂಪು. ಟೈಲರಮ್ಮ ಹಸಿರನ್ನು ಹುಡುಕುತ್ತಿದ್ದರು. ಸೊಸೆಯದು ಹಸಿರು ಕೊಡೆ, ಕಿತ್ತಳೆ ಅಂಚು. ಆ ಅಂಚು ಹರಿದಿದ್ದಾಗ ತೇಪೆ ಹಾಕಿದವರು ಅವರೇ. ಹಸಿರು ಎಲ್ಲೂ ಇರಲಿಲ್ಲ. ಎಲ್ಲ ಕೊಡೆಗಳ ಕೆಳಗೆ, ಕಪ್ಪು ಚುಕ್ಕೆಯೊಂದು ಉರುಳುತ್ತ ಬೀಳುತ್ತಿತ್ತು.

"ಕೈ ಚಾಚು" ಎಂದು ಮಾಮ ಪಿಸುಗುಟ್ಟಿದರು. "ಕೈ ಚಾಚು ಮಗು."

ಚುಕ್ಕೆ ಕೈ ಚಾಚಲಿಲ್ಲ. ಅದಕ್ಕೆ ಕಾಲು ಬಂತು, ತಲೆ ಬಂತು, ಬೆನ್ನ ಮೇಲೆ ಚೀಲ ಬಂತು. ಅದು ಮನುಷ್ಯಳಾಯಿತು. ಮಾಮ ದುರ್ಬೀನು ಇಳಿಸಿಬಿಟ್ಟರು. ಟೈಲರಮ್ಮ ಕಣ್ಣು ಮುಚ್ಚಲಿಲ್ಲ. ಕಾಲಡಿಯ ಮಣ್ಣನ್ನು ಎರಡೂ ಪಾದಗಳಿಂದ ಗಟ್ಟಿಯಾಗಿ ಒತ್ತಿದರು. ನೆಲ ಇಲ್ಲಿದೆ, ಇಲ್ಲೇ ಇದೆ ಎಂದು ಆ ಕಣ್ಣಿಲ್ಲದ ಡಬ್ಬಿಗೆ ತಿಳಿಸುವವರ ಹಾಗೆ.

ಇನ್ನು ನಾಲ್ಕೈದು ಉಸಿರಿನಷ್ಟು ಆಕಾಶ ಮಾತ್ರ ಉಳಿದಿತ್ತು. ಆಗ ಅವಳ ಬೆನ್ನಿನಿಂದ ಏನೋ ಚಿಮ್ಮಿತು. ಹಿಂದೆಯೇ ಬಿಳಿಯ ಗೆರೆಯೊಂದು ಉದ್ದಕ್ಕೆ ಎಳೆದುಕೊಂಡು ಹೋಯಿತು. ಗೆರೆ ಬಿರಿಯಿತು. ತೊಳೆದು ಇಸ್ತ್ರಿ ಮಾಡಿದ ಬಟ್ಟೆಯನ್ನು ಒಮ್ಮೆಲೇ ಕೊಡವಿದಂತೆ, ಚೌಕಾಕಾರದ ಅಚ್ಚ ಬಿಳಿ ಕೊಡೆ ಅರಳಿ ನಿಂತಿತು. ಫಟ್ ಎಂಬ ಸದ್ದು ಆಮೇಲೆ ಬಂತು. ಅದರ ಕೆಳಗೆ ಸೊಸೆ ಗಡಿಯಾರದ ಲೋಲಕದಂತೆ ತೂಗಾಡುತ್ತಿದ್ದಳು.

"ಅತ್ತೆ ಎದ್ದಳು" ಎಂದು ಮಾಮ ಮೆಲ್ಲಗೆ ಹೇಳಿ, ಹುಲ್ಲಿನ ಮೇಲೆ ಕೂತರು.

ಟೈಲರಮ್ಮ ಕೂರಲಿಲ್ಲ. ಓಡಿದರು. ಬಿಳಿ ಕೊಡೆ ಯಾರ ಮಾತೂ ಕೇಳದೆ ಗಾಳಿ ಒಯ್ದತ್ತ ತೇಲಿ, ಬಯಲಿನಾಚೆಯ ಹುಲ್ಲುಗಾವಲಿನಲ್ಲಿ ಇಳಿಯುತ್ತಿತ್ತು. ನಡುವೆ ಕಬ್ಬಿಣದ ಗೇಟಿತ್ತು, ಬೀಗ ಹಾಕಿತ್ತು. ಅವರು ಗೇಟಿನ ಅಡ್ಡಪಟ್ಟಿಗೆ ಕಾಲು ಕೊಟ್ಟು ಹತ್ತಿ, ಮೇಲಿನಿಂದ ಅತ್ತ ಹಾರಿ, ಮತ್ತೆ ಓಡಿದರು.

ಸೊಸೆ ಹುಲ್ಲಿನಲ್ಲಿ ಬಿದ್ದಿದ್ದಳು. ಬಿಳಿ ಬಟ್ಟೆ ಅರ್ಧ ಮೈಮೇಲೆ ಹೊದ್ದುಕೊಂಡಿತ್ತು. ಟೈಲರಮ್ಮ ಅದನ್ನು ಸರಿಸಿದಾಗ ಅವಳ ರೆಪ್ಪೆ ಅಲ್ಲಾಡಿತು. ಕಣ್ಣು ತೆರೆದು, ಬಹಳ ಹೊತ್ತು ಬಟ್ಟೆಯ ಬಣ್ಣವನ್ನೇ ನೋಡಿದಳು.

"ಇದು ಬಿಳಿದು" ಎಂದಳು. "ನಾನು ಬಿಚ್ಚಲಿಲ್ಲ."

"ಗೊತ್ತು. ಅಲ್ಲಾಡಬೇಡ."

"ಮತ್ತೆ ಯಾರು ಬಿಚ್ಚಿದ್ದು?"

"ಅತ್ತೆ."

"ನೀವಾ?"

"ನಾನಲ್ಲ ಕಣೇ. ಇನ್ನೊಬ್ಬಳು."

ಸೊಸೆಗೆ ನಗು ಬಂತು. ಹೆಗಲಿನ ಮೂಳೆ ಮುರಿದಿತ್ತು, ನಕ್ಕದ್ದಕ್ಕೆ ನೋವಾಗಿ ಹಲ್ಲು ಕಚ್ಚಿದಳು. ಆಮೇಲೆ ಅವಳ ದೃಷ್ಟಿ ದೂರದ ಗೇಟಿನ ಕಡೆ ಹೋಯಿತು. "ಅದು ಬೀಗ ಹಾಕಿತ್ತಲ್ಲ. ನೀವು ಹೇಗೆ ಬಂದ್ರಿ?"

ಟೈಲರಮ್ಮ ತಿರುಗಿ ನೋಡಿದರು. ಗೇಟು ಅವರಿಗಿಂತ ಎತ್ತರವಾಗಿತ್ತು. ಸೊಸೆಯ ಪಕ್ಕದಲ್ಲೇ ಕುಸಿದು ಕೂತರು.

ಉಳಿದವರು ಬೀಗ ತೆಗೆಸಿಕೊಂಡು ಬಂದರು. ವಿಮಾನ ಇಳಿಸಿದ ಮಗ ಕಿವಿಗೆ ಹಾಕಿದ್ದ ಹೆಡ್‌ಫೋನನ್ನೂ ತೆಗೆಯದೆ, ಅದರ ತಂತಿ ಎಳೆದುಕೊಂಡೇ ಓಡಿಬಂದು ಹೆಂಡತಿಯ ಕೈ ಹಿಡಿದು ಕೂತ. "ಬಾಗಿಲು ದಾಟಿದ ಮೇಲೂ ಲೆಕ್ಕಕ್ಕೆ ಬರ್ತೀನಿ ಅನ್ಸುತ್ತೆ" ಎಂದಳು ಅವಳು.

ಮಾಮ ಚೀಲದಿಂದ ತುಂಡಾದ ಕುಣಿಕೆಯನ್ನು ತೆಗೆದು ಅಂಗೈಯಲ್ಲಿ ಹಿಡಿದರು. ಹರಿದದ್ದಲ್ಲ, ಸವೆದದ್ದಲ್ಲ. ಹೊಸ ಕತ್ತರಿಯಿಂದ ಕತ್ತರಿಸಿದಷ್ಟು ನೇರ ತುದಿ. ಟೈಲರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, "ಒಳ್ಳೇ ಕೆಲಸಗಾರ್ತಿ" ಎಂದರು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ" ಎಂದರು ಮಾಮ. "ಇವರು ಹಠ ಹಿಡಿದು ಹಾಕಿಸಿದ್ರು. ಅವಳು ಕೂತು ಸರಿಯಾಗಿ ಎಬ್ಬಿಸಿಕೊಂಡ್ಳು. ಇವತ್ತು ಇಬ್ಬರಿಗೂ ಒಂದೇ ಕಾಲ."

*

ಸೊಸೆಯನ್ನು ನೋಡಲು ಬಂದ ಏಣಿ ಬಾಗಿಲಲ್ಲಿ ಬಗ್ಗಲು ಮರೆತು ಹಣೆ ಬಡಿಸಿಕೊಂಡ. "ಸರಿ ಬಿಡು, ತಲೆಗೆ ತಲೆ ಆಯ್ತು" ಎಂದಳು ಹಾಸಿಗೆಯಲ್ಲಿದ್ದ ಸೊಸೆ. ಅವನು ಅಳುತ್ತಾನೋ ನಗುತ್ತಾನೋ ತಿಳಿಯದ ಹಾಗೆ ನಿಂತಿದ್ದ. ಟೈಲರಮ್ಮ ಅವನಿಗೆ ಚಹಾ ಕೊಟ್ಟು ಕೇಳಿದರು: "ನಿನ್ನ ಬೆನ್ನಲ್ಲಿ ಇದೆಯಾ ಅತ್ತೆ?"

"ಇಲ್ಲಮ್ಮ. ಹಳಬರು ನಾವು, ಯಾಕೆ ಅಂತ..."

"ಚೀಲ ತಂದಿಡು."

ಅವನು ತಂದಿಟ್ಟ. ಅವನನ್ನು ನೋಡಿ ಇನ್ನೊಬ್ಬರು ತಂದರು. ಹೇಡಿಪೆಟ್ಟಿಗೆ ಎಂದು ಜರೆದಿದ್ದ ಮೇಷ್ಟ್ರೇ ಒಂದು ದಿನ ಅಂಗಡಿಯ ಮುಂದೆ ಬಂದು, ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ತಮ್ಮ ಹಳೆಯ ಚೀಲವನ್ನು ಮೇಜಿನ ಮೇಲಿಟ್ಟು ಹೋದರು. ಅಂಗಡಿಯಲ್ಲಿ ಕೋಟುಗಳಿಗಿಂತ ಚೀಲಗಳೇ ಹೆಚ್ಚಾದವು. ಟೈಲರಮ್ಮ ಒಂದೊಂದಕ್ಕೂ ಮೂರು ಸಾಲು ಹೊಲಿಗೆ ಹಾಕಿದರು. ಒಯ್ಯಲು ಬಂದವರಿಗೆಲ್ಲ ಒಂದೇ ಮಾತು: "ಮನೇಲಿ ಎಬ್ಬಿಸಬೇಡಿ. ಬಯಲಿನ ಮಣ್ಣಿನ ಮೇಲೆ ನಿಂತು ಎಬ್ಬಿಸಿ. ಅಡುಗೆಮನೇಲಿ ಎಬ್ಬಿಸಿದ್ರೆ ಅಡುಗೆಮನೇಗೇ ಕಾಯ್ತಾಳೆ."

ಸೊಸೆಯ ಮೂಳೆ ಕೂಡಿಕೊಂಡಿತು. ವೈದ್ಯರು ಹಾರಬಹುದು ಎಂದ ದಿನ ಅವಳು ಮನೆಗೆ ಬಂದು ಏನೂ ಹೇಳಲಿಲ್ಲ. ಷರತ್ತಿನ ಮಾತನ್ನು ತಾನಾಗಿ ಎತ್ತಬಾರದೆಂದು ಅವಳು ನಿಶ್ಚಯಿಸಿದ್ದಳು. ಟೈಲರಮ್ಮ ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದರು. ಹಸಿರು ಬಟ್ಟೆಯ, ಕಿತ್ತಳೆ ಅಂಚಿನ, ತಲೆಯಿಂದ ಕಾಲಿನವರೆಗಿನ ಹಾರುವ ಉಡುಪು. ತಮ್ಮದೇ ಅಳತೆಗೆ ಹೊಲಿದುಕೊಂಡಿದ್ದರು.

"ಸೊಂಟದ ಹತ್ರ ಸ್ವಲ್ಪ ಬಿಗಿ" ಎಂದರು. "ಯಾವತ್ತು ಹೋಗೋಣ?"

ಬಯಲಿನಲ್ಲಿ ಕ್ಲಬ್ಬಿನವರೆಲ್ಲ ಬೇಲಿಯುದ್ದಕ್ಕೂ ನಿಂತಿದ್ದರು. ಇಬ್ಬರನ್ನು ಹೊರುವ ದೊಡ್ಡ ಚೀಲವನ್ನು ಮಾಮ ಸೊಸೆಯ ಬೆನ್ನಿಗೆ ಬಿಗಿದರು. ಟೈಲರಮ್ಮ ನೆಲದ ಮೇಲೆ ಕಾಲೂರಿ ನಿಂತು, ಕೆಂಪು ಮಿನುಗಿದಾಗಲೆಲ್ಲ ಗುಂಡಿ ಒತ್ತಿ, ಸೊನ್ನೆ ಬರುವವರೆಗೆ ಕಾದು, ಹೊದಿಕೆ ಮುಚ್ಚಿದರು. ಆಮೇಲೆ ವಿಮಾನ ಹತ್ತಿದರು.

ಮೇಲೆ ಬಾಗಿಲು ತೆರೆದಾಗ ಗಾಳಿ ಒಳಗೆ ನುಗ್ಗಿತು. ಸೊಸೆಯ ಎದೆಗೆ ಬಿಗಿದುಕೊಂಡಿದ್ದ ಟೈಲರಮ್ಮ ಕೆಳಗೆ ನೋಡಿದರು. ಊರು ಅಂಗೈಯಷ್ಟಿತ್ತು.

"ಬೇಡ ಅಂದ್ರೆ ಈಗಲೂ ಬೇಡ" ಎಂದು ಸೊಸೆ ಕಿವಿಯಲ್ಲಿ ಹೇಳಿದಳು. "ಯಾರೂ ಏನೂ ಅನ್ನಲ್ಲ."

"ಬೆನ್ನಿಗೊಬ್ಬ ಅತ್ತೆ, ಎದೆಗೊಬ್ಬ ಅತ್ತೆ. ನಿನಗೇ ಭಾರ. ನಡಿ" ಎಂದರು ಟೈಲರಮ್ಮ.

ನಡೆದಳು.

ಮೊದಲಿನ ಆ ಕೂಗು ಟೈಲರಮ್ಮನದೇ ಎಂದು ಸೊಸೆ ಇಂದಿಗೂ ಹೇಳುತ್ತಾಳೆ. ಅದು ಗಾಳಿಯ ಸದ್ದು ಎಂದು ಟೈಲರಮ್ಮ ಹೇಳುತ್ತಾರೆ. ಕೊಡೆ ಬಿಚ್ಚಿದ ಮೇಲೆ ಎಲ್ಲ ನಿಶ್ಶಬ್ದವಾಯಿತು. ದೊಡ್ಡ ಬಣ್ಣದ ಕೊಡೆಯ ಕೆಳಗೆ ಇಬ್ಬರೂ ಸುತ್ತು ಹೊಡೆಯುತ್ತ ಇಳಿದರು. ಬೆನ್ನ ಮೇಲಿನ ಅತ್ತೆ ಬಾಯಿ ಬಿಡಲಿಲ್ಲ. ಎದೆಯ ಮೇಲಿನ ಅತ್ತೆಯೂ, ಆಶ್ಚರ್ಯವೆಂದರೆ, ನೆಲ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಬೇಲಿಯ ಬಳಿ ಶಿಳ್ಳೆ, ಚಪ್ಪಾಳೆ. ವಿಮಾನ ಇಳಿಸಿ ಮಗ ಓಡಿಬಂದ. "ಹೇಗಿತ್ತಮ್ಮ?"

ಟೈಲರಮ್ಮ ಕನ್ನಡಕ ಸರಿಮಾಡಿಕೊಂಡರು. "ಬೆಳಿಗ್ಗೆ ಒಗೆದ ಬಟ್ಟೆ ತಾರಸಿ ಮೇಲೇ ಇದೆ. ತೆಗೆದಿಟ್ಟು ಬಾ ಅಂತ ಹೇಳಿದ್ದೆ ತಾನೇ ನಿನಗೆ?"

ಮಗ ತಲೆ ಕೆರೆದುಕೊಂಡು ವಿಮಾನದ ಕಡೆ ನಡೆದ. ಸೊಸೆ ಪಟ್ಟಿಗಳನ್ನು ಬಿಚ್ಚುತ್ತ ಮೆಲ್ಲಗೆ ಕೇಳಿದಳು: "ಅಷ್ಟು ಮೇಲಿಂದ ನಮ್ಮ ತಾರಸಿ ನಿಜವಾಗ್ಲೂ ಕಾಣಿಸ್ತಾ?"

"ಎಲ್ಲಿ ಕಾಣಿಸುತ್ತೆ" ಎಂದರು ಟೈಲರಮ್ಮ. "ಅವನು ತೆಗೆದಿರಲ್ಲ ಅಂತ ಗೊತ್ತು. ಅದಕ್ಕೆ ಕಣ್ಣು ಯಾಕೆ ಬೇಕು?"